ವಿಭೂತಿ ಹಚ್ಚಿ ತಿಕ್ಕಿದ ಕನ್ನಡಿ

ಮಲಪ್ರಭೆಯ ದಂಡೆಯ ಮೇಲಿನ ಒಂದು ಮಠದಲ್ಲಿ ಚುಕ್ಕಿ ನೋಡುವ ಹಳೆಯ ದುರ್ಬೀನೊಂದಿತ್ತು. ಅದರೊಳಗಿನ ಕನ್ನಡಿಯನ್ನು ಕೈಯಾರೆ ಗಾಜು ಉಜ್ಜಿ ಮಾಡಿ ಕೂರಿಸಿದವನು ಗದಿಗೆಯ್ಯನೆಂಬ ಹಿಂದಿನ ಶಿಷ್ಯ. ಗುರುಗಳ ಮಾತಿಗೆ ನೊಂದು ಮಠ ಬಿಟ್ಟವನು ಮತ್ತೆ ಇತ್ತ ತಲೆಹಾಕಲಿಲ್ಲ.

ಗುರುಗಳಿಗೆ ಒಂದು ಕಣ್ಣು ಪೂರಾ ಹೋಗಿತ್ತು. ಇನ್ನೊಂದು ಇವತ್ತೋ ನಾಳೆಯೋ ಅನ್ನುವಂತಿತ್ತು. ಅಷ್ಟರೊಳಗೆ ಶನಿಯ ಉಂಗುರ ಇನ್ನೊಮ್ಮೆ ನೋಡಬೇಕೆಂಬುದೊಂದೇ ಅವರ ಆಸೆ.

ಶಿಷ್ಯ ಅಡಿವೆಪ್ಪನನ್ನು ಕರೆದರು. "ದುರ್ಬೀನು ಹೆಂಗೈತಿ ನೋಡಪಾ. ಒಂದು ಚುಕ್ಕಿಗೆ ಹಿಡಿದು ನೋಡಿ ಹೇಳು."

ಅಡಿವೆಪ್ಪ ಮಠದ ಬೆಳ್ಳಿ ಸಾಮಾನು ಬೆಳಗುವವನು. ವಿಭೂತಿ ಹಚ್ಚಿ ತಿಕ್ಕಿದನೆಂದರೆ ಹಳೆಯ ಪೂಜೆ ತಟ್ಟೆಯಲ್ಲೂ ಮುಖ ಕಾಣಬೇಕು. ಚುಕ್ಕಿ ಮೂಡುವ ತನಕ ಕಾಯುವ ಪುರುಸೊತ್ತು ಅವನಿಗೆಲ್ಲಿಯದು!

ದುರ್ಬೀನಿನ ಕಾಲು ಅಲುಗಾಡಿಸಿದ, ಗಟ್ಟಿಯಿತ್ತು. ತಿರುಪು ತಿರುಗಿಸಿದ, ಬಿಗಿಯಾಗಿದ್ದರೂ ತಿರುಗಿತು. ಕೊಳವೆಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದ. ಅಯ್ಯೋ ಶಿವನೇ!

"ಕನ್ನಡಿ ಹಾಳಾಗೈತ್ರಿ ಅಜ್ಜಾರ. ಬರೇ ಧೂಳು, ಕಲೆ."

"ಚುಕ್ಕಿ ನೋಡಿದೇನು?"

"ಇನ್ನೂ ಬಿಸಿಲೈತ್ರಿ. ಬ್ಯಾಟರಿ ಬಿಟ್ಟು ನೋಡಿದೆ."

"ಬ್ಯಾಟರಿ ಬಿಟ್ರ ಎಂಥಾ ಕನ್ನಡೀನೂ ಕೊಳಕ ಕಾಣತೈತಿ. ಸಂಜಿ ಆಗಲಿ ತಡಿ" ಎಂದು ಗುರುಗಳು ಸ್ನಾನಕ್ಕೆ ಹೊಳೆಗಿಳಿದರು.

ಅಡಿವೆಪ್ಪನ ಜೀವ ತಡೆಯಲಿಲ್ಲ. ಗುರುಗಳು ಕಡೆಯ ಸಲ ನೋಡುವುದು ಈ ಕೊಳೆಯೊಳಗೆಯೇ? ಕನ್ನಡಿ ಬಿಚ್ಚಿ, ವಿಭೂತಿ ಹಚ್ಚಿ, ಧೋತರದ ಚುಂಗಿನಿಂದ ತಿಕ್ಕಿದ. ಬಟ್ಟೆಗೆ ಬೂದುಬಣ್ಣದ್ದೇನೋ ಹತ್ತಿತು. ಕೊಳೆ ಬಿಡುತ್ತಿದೆ ಎಂದುಕೊಂಡು ಪಾಪ, ಇನ್ನಷ್ಟು ತಿಕ್ಕಿ, ಮತ್ತೆ ಅದರ ಜಾಗದಲ್ಲಿ ಕೂರಿಸಿದ.

ಹೊತ್ತು ಮುಳುಗಿತು. ಮೂಡಲಲ್ಲಿ ಶನಿ ಮೇಲೇರಿದ್ದ. ಗುರುಗಳು ಬಗ್ಗಿ ಕಣ್ಣಿಟ್ಟರು. ಬಹಳ ಹೊತ್ತು ತಲೆ ಎತ್ತಲಿಲ್ಲ.

"ಮಂಜು ಕವಿದೈತೇನು?"

"ಇಲ್ರಿ ಅಜ್ಜಾರ."

"ಹಂಗಾರ ನನ್ನ ಕಣ್ಣೇ ಹೋತು ಅನ್ನು."

ಅಡಿವೆಪ್ಪ ತಾನೂ ನೋಡಿದ. ಉಂಗುರವಿರಲಿಲ್ಲ. ಗಂಜಿ ಚೆಲ್ಲಿದಂತೆ ಮಂಕು ಬೆಳಕಷ್ಟೇ ಇತ್ತು. ಹೌದ್ರಿ, ಕಣ್ಣೇ ಹೋತು ಎಂದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಮಾತು ನಾಲಿಗೆಯ ತುದಿಗೂ ಬಂತು.

"ಕಣ್ಣಲ್ರಿ" ಎಂದ. "ನಾ ಕನ್ನಡಿಗೆ ವಿಭೂತಿ ಹಚ್ಚಿ ತಿಕ್ಕಿದೆ."

ಗುರುಗಳು ಉಸಿರು ಬಿಟ್ಟರು. "ಅದರ ಲೇಪ ಮ್ಯಾಲೇ ಇರತೈತಪಾ, ಮನಿ ಕನ್ನಡಿಯಂಗ ಹಿಂದಲ್ಲ. ನೀ ತಿಕ್ಕಿ ತಗದದ್ದು ಅದನ್ನ."

"ಮತ್ತ ಹಾಕಿಸಬಹುದಲ್ರಿ?"

"ಹಾಕಿಸಬಹುದು. ಅಲ್ಲೀತನಕ ಈ ಕಣ್ಣು ಇರಬೇಕಲ್ಲ."

ಅಡಿವೆಪ್ಪ ಅವರ ಕಾಲು ಹಿಡಿದು ಗೊಳೋ ಎಂದು ಅತ್ತ. "ಅಷ್ಟು ಧೂಳಿತ್ತಲ್ರಿ!"

"ಇತ್ತು. ಹೋದ ವರ್ಷಾನೂ ಇತ್ತು. ಉಂಗುರ ಕಾಣತಿತ್ತು."

"ನನ್ನ ಮಠದಿಂದ ಹೊರಗ ಹಾಕ್ರಿ ಅಜ್ಜಾರ."

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಗದಿಗೆಯ್ಯನೊಳಗ ಕಂಡ ಕಲೆ ಎಲ್ಲಾ ನಾನೂ ಹಿಂಗ ತಿಕ್ಕಿ ತಿಕ್ಕಿ, ಅವನನ್ನೇ ಕಳಕೊಂಡೆ. ನೀ ಇಲ್ಲೇ ಇರಪಾ. ಇದ್ದ ಧೂಳಿನ ಸಮೇತ ಇರು."