ಎಲ್ಲ ಗುಡ್ಡ ಹತ್ತುವ ಜೀಪು

“ಏನಾಗಿರಬಹುದು, ಊಹಿಸು ನೋಡೋಣ,” ಎಂದರು ಗುರುಗಳು.

ಶಿಷ್ಯ ಸೋಮಲಿಂಗ ಕೇಳಿದ್ದು ಬೇರೆಯೇ ಪ್ರಶ್ನೆ. ಗೋಣಿಹಾಳಿನ ಜನ ಶ್ರಾವಣದ ಪ್ರವಚನಕ್ಕೆ ಅವನನ್ನು ಕರೆದಿದ್ದರು. ಹೋದ ವರ್ಷವೂ ಕರೆದಿದ್ದರು, ಅದರ ಹಿಂದಿನ ವರ್ಷವೂ ಕರೆದಿದ್ದರು. ಇನ್ನೊಂದು ಶಾಸ್ತ್ರ ಓದಿ ಮುಗಿಸಿ ಬರುತ್ತೇನೆ ಎಂದು ಅವನು ಎರಡು ಸಲವೂ ಹೇಳಿ ಕಳಿಸಿದ್ದ. ಈ ಸಲ ಬಾರದಿದ್ದರೆ ಮತ್ತೆ ಕರೆಯುವುದಿಲ್ಲ ಎಂದು ಅವರು ಮೆಲ್ಲಗೆ, ಆದರೆ ಸ್ಪಷ್ಟವಾಗಿಯೇ ತಿಳಿಸಿದ್ದರು. ಆದ್ದರಿಂದ ಅವನು ಮಠದ ಜಗಲಿಯ ಮೇಲೆ ಗುರುಗಳ ಎದುರು ಕುಳಿತು ಕೇಳಿದ್ದ: “ಗುರುಗಳೇ, ಸಿದ್ಧತೆ ಮುಗಿಯಿತು ಎಂದು ತಿಳಿಯುವುದು ಹೇಗೆ?”

ಗುರುಗಳು ಮಠಕ್ಕೆ ಬರುವ ಮೊದಲು ಕಾಲೇಜಿನಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತರಾದವರು. ಒಂದು ಕೇಳಿದರೆ ಹತ್ತು ಹೇಳುವ ಅಭ್ಯಾಸ. ಆ ಹತ್ತರಲ್ಲಿ ಒಂದು ಉತ್ತರವಾಗಿರುತ್ತಿತ್ತು. ಯಾವುದೆಂದು ಅವರು ಹೇಳುತ್ತಿರಲಿಲ್ಲ.

“ಒಬ್ಬ ಮನುಷ್ಯ ಹಳೆಯ ಜೀಪೊಂದನ್ನು ಐದು ದಸರೆಗಳ ಕಾಲ ಸಜ್ಜು ಮಾಡಿದ,” ಎಂದರು ಅವರು. “ಕೊನೆಗೆ ಎಲ್ಲ ಮುಗಿಯಿತು. ಮುಗಿದ ದಿನವೇ ಜೀಪು ಒಂದು ಕಡೆ ಸಿಕ್ಕಿಕೊಂಡು ನಿಂತಿತು. ಎಲ್ಲಿ?”

“ಕೆಸರಿನಲ್ಲಿ?”

“ಕೆಸರಿಗೆ ಬಿದ್ದರೆ ತನ್ನನ್ನು ತಾನೇ ಮೇಲೆಳೆದುಕೊಳ್ಳಲು ಮೂತಿಗೆ ವಿಂಚು ಕಟ್ಟಿಸಿದ್ದ. ಆನೆ ಬಿದ್ದರೂ ಎಳೆಯುವಂಥ ಹಗ್ಗ.”

“ಹಾಗಾದರೆ ಹೊಳೆಯಲ್ಲಿ.”

“ನೀರಿಗಿಳಿದರೂ ಎಂಜಿನ್ ಉಸಿರಾಡಲಿ ಎಂದು ನೆತ್ತಿಯವರೆಗೆ ಕೊಳವೆ ಏರಿಸಿದ್ದ.”

“ಗುಡ್ಡದ ಏರಿನಲ್ಲಿ?”

“ನಾಲ್ಕೂ ಚಕ್ರಕ್ಕೆ ಬಲ. ಗೋಡೆ ನಿಲ್ಲಿಸಿದರೆ ಗೋಡೆ ಹತ್ತೀತು.” ಗುರುಗಳಿಗೆ ಖುಷಿ ತಡೆಯಲಾಗಲಿಲ್ಲ. “ಅದು ನಿಂತದ್ದು ಅವನ ಮನೆಯಂಗಳದಲ್ಲಿ. ಯಾಕೆ ನಿಂತಿತು ಎಂಬುದನ್ನು ಕೇಳು.”

ಒಬ್ಬ ಸರ್ವೆಯರ್ ಇದ್ದ. ಕೆಲಸದಲ್ಲಿದ್ದಷ್ಟು ಕಾಲ ಇಲಾಖೆಯ ಜೀಪಿನಲ್ಲಿ ಊರೂರು ತಿರುಗಿ ನೆಲ ಅಳೆದ. ಅವನ ಹೆಂಡತಿ ನೀಲಮ್ಮ ಮನೆಯಲ್ಲಿದ್ದಳು. ಸರ್ವೆಯರ್ ಮನೆಗೆ ಬಂದಾಗಲೆಲ್ಲ ಕೈಕಾಲು ತೊಳೆದು ಕುಳಿತು, ಕಂಡದ್ದನ್ನೆಲ್ಲ ಅವಳಿಗೆ ಹೇಳುತ್ತಿದ್ದ. ಯಾವ ಕೆರೆಯ ಏರಿಯ ಮೇಲೆ ಯಾವ ಹಕ್ಕಿ, ಯಾವ ಬಂಗಲೆಯ ಅಡುಗೆಯವನ ಸಾರು ಎಷ್ಟು ತೆಳ್ಳಗೆ, ಯಾವ ಊರಿನ ಗೌಡ ಬದು ಒತ್ತುವುದರಲ್ಲಿ ಎಂಥ ಪಳಗಿದವನು, ಎಲ್ಲ. ನೀಲಮ್ಮ ಅಕ್ಕಿ ಆರಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಅವಳು ನೋಡದ ಊರುಗಳೆಲ್ಲ ಅವಳಿಗೆ ಬಾಯಿಪಾಠವಾಗಿದ್ದವು.

ಅದರಲ್ಲಿ ಒಂದು ಜಾಗ ಅವಳ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ದೂರದ ಒಂದು ಗುಡ್ಡದ ನೆತ್ತಿಯ ಮೇಲೆ ಮೂರು ಊರಿನ ಗಡಿ ಸೇರುವ ಕಲ್ಲು ಇತ್ತು. ಅದರ ಮೇಲೆ ಕುಳಿತವನು ಒಂದೇ ಹೊತ್ತಿಗೆ ಮೂರು ಊರಿನಲ್ಲಿ ಕುಳಿತಂತೆ. ಇದನ್ನು ಕೇಳಿದ ದಿನ ನೀಲಮ್ಮ ಮೊರವನ್ನು ಕೆಳಗಿಟ್ಟಳು. “ನನಗೆ ಕಾಶಿ ಬೇಡ, ರಾಮೇಶ್ವರ ಬೇಡ. ಆ ಕಲ್ಲಿನ ಮೇಲೆ ಕೂತು ಒಂದು ಸಲ ಬುತ್ತಿ ಬಿಚ್ಚಬೇಕು,” ಎಂದಳು.

“ರಿಟೈರ್ ಆಗಲಿ, ಕರೆದುಕೊಂಡು ಹೋಗ್ತೀನಿ,” ಎಂದ ಸರ್ವೆಯರ್.

ಅವನು ನಿವೃತ್ತನಾದ ವರ್ಷವೇ ಆ ಜೀಪೂ ನಿವೃತ್ತವಾಗಿ ಕಚೇರಿಯ ಹಿತ್ತಲಿನಲ್ಲಿ ಹರಾಜಿಗೆ ಬಂತು. ಹಿಂದಿನ ಸೀಟಿನಲ್ಲಿ ಯಾರದೋ ಕೋಳಿ ಕಾವಿಗೆ ಕುಳಿತಿತ್ತು. ಸರ್ವೆಯರ್ ಕೋಳಿಯನ್ನು ಬಿಡಿಸಿ ಜೀಪನ್ನು ಕೊಂಡುಕೊಂಡು, ಲಾರಿಗೆ ಕಟ್ಟಿ ಎಳೆಸಿ ಮನೆಗೆ ತಂದ. ಅಂಗಳಕ್ಕೆ ಬಂದ ಜೀಪನ್ನು ನೀಲಮ್ಮ ಒಂದು ಸುತ್ತು ಹಾಕಿ ನೋಡಿದಳು. ಬಾಗಿಲಿನ ಕೆಳಗೆ ಒಂದು ಫುಟ್‌ಬೋರ್ಡ್ ಇತ್ತು. ಅದರ ಮೇಲೆ ಕಾಲಿಟ್ಟು ಹತ್ತಿ, ಹರಿದ ಸೀಟಿನಲ್ಲಿ ಕುಳಿತು, “ಇಷ್ಟು ಸಾಕಲ್ಲ,” ಎಂದಳು.

ಸಾಕು ಎಂಬ ಮಾತು ಸರ್ವೆಯರಿಗೆ ತಮಾಷೆಯಾಗಿ ಕಂಡಿತು.

ಮೊದಲ ವರ್ಷ ಎಂಜಿನ್ ಬಿಚ್ಚಿ ಕಟ್ಟಿಸಿದ. ತುಕ್ಕು ತಿಂದ ತಗಡನ್ನು ಟಿಂಕರಿಂಗ್‌ನವನಿಂದ ಕತ್ತರಿಸಿ ಹೊಸದು ಹಾಕಿಸಿ, ಎಲೆಹಸಿರು ಬಣ್ಣ ಹೊಡೆಸಿದ. ದಸರೆ ಬಂತು. ಆಯುಧಪೂಜೆಯ ದಿನ ಜೀಪಿಗೆ ಬೂದಿ, ಕುಂಕುಮ, ಚೆಂಡುಹೂವಿನ ಹಾರ ಆಯಿತು. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟರು. ಗಾಡಿ ಮುಂದೆ ಹೋಗಬೇಕು, ನಿಂಬೆಹಣ್ಣು ಒಡೆಯಬೇಕು, ಅದು ಕ್ರಮ. ಆದರೆ ಆ ಹೊತ್ತಿಗೆ ಬ್ರೇಕಿನ ಕೆಲಸ ಬಾಕಿ ಇತ್ತು. ಜೀಪು ಅಲುಗಲಿಲ್ಲ. ಮರುದಿನ ಬೆಳಿಗ್ಗೆ ನೀಲಮ್ಮ ಅಂಗಳ ಗುಡಿಸುವಾಗ ನಾಲ್ಕೂ ಹಣ್ಣು ಇಟ್ಟ ಹಾಗೇ ಇದ್ದವು. ಅವಳು ಅವನ್ನು ಸೆರಗಿನಲ್ಲಿ ಒರೆಸಿ ಒಳಗೆ ತೆಗೆದುಕೊಂಡು ಹೋಗಿ ಉಪ್ಪಿನಕಾಯಿ ಹಾಕಿದಳು.

ಎರಡನೆಯ ವರ್ಷ ಬ್ರೇಕಾಯಿತು. ಆದರೆ ಅಷ್ಟರಲ್ಲಿ ಸರ್ವೆಯರಿಗೆ ಹಾದಿಯ ಯೋಚನೆ ಹತ್ತಿಕೊಂಡಿತ್ತು. ಹಾದಿಯಲ್ಲಿ ಬಂಡೆ ಇದ್ದರೆ? ಜೀಪಿನ ಹೊಟ್ಟೆ ತಾಗಬಾರದು. ಸ್ಪ್ರಿಂಗ್ ಪ್ಲೇಟುಗಳನ್ನು ಬದಲಿಸಿ ಜೀಪನ್ನು ಮೇಲೆತ್ತಿಸಿದ. ಮೂರನೆಯ ವರ್ಷ, ಕೆಸರಿದ್ದರೆ ಎಂದು ದೊಡ್ಡ ಟೈರು ಹಾಕಿಸಿದ. ಜೀಪು ಇನ್ನಷ್ಟು ಮೇಲೆ ಹೋಯಿತು. ಫುಟ್‌ಬೋರ್ಡ್ ಬಂಡೆಗೆ ಸಿಕ್ಕಿಕೊಳ್ಳುತ್ತದೆ ಎಂದು ಗ್ಯಾರೇಜಿನವನು ಹೇಳಿದ. ಹೌದಲ್ಲ ಎನಿಸಿ ಅದನ್ನು ಕಿತ್ತು ಹಾಕಿಸಿದ. ನಾಲ್ಕನೆಯ ವರ್ಷ ವಿಂಚು, ಕೊಳವೆ, ಕಣ್ಣು ಕುಕ್ಕುವ ದೀಪಗಳು. ಐದನೆಯ ವರ್ಷ ನೆತ್ತಿಯ ಮೇಲೆ ಕ್ಯಾರಿಯರ್, ಕ್ಯಾರಿಯರ್ ಮೇಲೆ ಮಡಿಚುವ ಡೇರೆ, ಡೇರೆ ಹತ್ತಲು ಏಣಿ.

ಪ್ರತಿ ದಸರೆಗೂ ಏನೋ ಒಂದು ಬಾಕಿ. ಪ್ರತಿ ದಸರೆಗೂ ನಾಲ್ಕು ನಿಂಬೆಹಣ್ಣು ಜಾಡಿಗೆ. “ಬೇರೆಯವರ ಜೀಪು ಪೆಟ್ರೋಲು ಕುಡಿಯುತ್ತೆ. ನಮ್ಮದು ಉಪ್ಪಿನಕಾಯಿ ಹಾಕುತ್ತೆ,” ಎಂದು ನೀಲಮ್ಮ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಬೇಸರದಿಂದಲ್ಲ. ಅವಳಿಗೆ ಗಂಡ ಬೆಳಗಾದರೆ ಜೀಪಿನ ಕೆಳಗೆ ಮಲಗಿ ಹಾಡು ಗುನುಗುವುದು ಇಷ್ಟವಾಗಿತ್ತು. ಆದರೆ ಅವಳ ಮಂಡಿ ದಸರೆಗಾಗಿ ಕಾಯುತ್ತಿರಲಿಲ್ಲ. ದೇವರ ಕೋಣೆಯ ಹೊಸ್ತಿಲು ದಾಟುವಾಗ ಅವಳು ಈಗ ಚೌಕಟ್ಟು ಹಿಡಿಯುತ್ತಿದ್ದಳು. ಕಲ್ಲು ಗುಡ್ಡದ ಮೇಲೆಯೇ ಇತ್ತು. ಇನ್ನೆಷ್ಟು ವರ್ಷ ತಾನು ಅದರ ಹತ್ತಿರ ಹೋಗಬಲ್ಲೆ ಎಂದು ಅವಳು ಒಬ್ಬಳೇ ಲೆಕ್ಕ ಹಾಕುತ್ತಿದ್ದಳು. ಗಂಡನಿಗೆ ಹೇಳಿರಲಿಲ್ಲ.

ಐದನೆಯ ದಸರೆಯೂ ಕಳೆದು ಕೆಲವು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ ಸರ್ವೆಯರ್ ಕೊನೆಯ ತಿರುಪು ಬಿಗಿದು ಹಿಂದೆ ಸರಿದು ನಿಂತ. ಹುಡುಕಿದರೂ ಬಾಕಿ ಇರುವುದು ಒಂದೂ ಸಿಗಲಿಲ್ಲ. ಸಂತೋಷವೋ ಸಂತೋಷ. ಮಂಡಿಯೂರಿ ಕುಳಿತು ಟೇಪು ಹಿಡಿದು ನೆಲದಿಂದ ಜೀಪಿನ ಹೊಟ್ಟೆಗೆ ಅಳೆದ. ಎಂಥ ಬಂಡೆಯೂ ಮುಟ್ಟದು. ಬರುವ ವಿಜಯದಶಮಿಗೆ ಹೊರಡುವುದೆಂದು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡು, “ನೀಲಾ, ಬಾ ಇಲ್ಲಿ. ಎಲ್ಲ ಆಯ್ತು. ಇನ್ನು ಇದು ಹತ್ತದ ಗುಡ್ಡ ಇಲ್ಲ,” ಎಂದು ಕೂಗಿದ.

ನೀಲಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. “ಹಾಗಾದರೆ ಒಂದು ಸಲ ಕೂತು ನೋಡ್ತೀನಿ,” ಎಂದಳು. ಬಾಗಿಲು ತೆರೆದಳು. ಕಾಲೆತ್ತಿದಳು. ಕಾಲು ಅರ್ಧಕ್ಕೆ ನಿಂತಿತು. ಇನ್ನೊಂದು ಕಾಲೆತ್ತಿದಳು. ಅದೂ ಅಲ್ಲಿಗೇ ನಿಂತಿತು. ಸೀಟು ಅವಳ ಎದೆಯ ಮಟ್ಟಕ್ಕಿತ್ತು. ಸರ್ವೆಯರ್ ಆಚೆಯಿಂದ ಹತ್ತಿ ಅವಳ ಎರಡೂ ಕೈ ಹಿಡಿದು ಎಳೆದ. ಕೈ ಬಂತು, ನೀಲಮ್ಮ ಬರಲಿಲ್ಲ.

ಅವಳಿಗೆ ನಗು ಬಂತು. ನಗುತ್ತ ನಗುತ್ತ ಬಾಗಿಲಿಗೆ ಒರಗಿ, “ಇದು ಎಲ್ಲ ಗುಡ್ಡ ಹತ್ತುತ್ತೆ, ಒಪ್ಪಿದೆ. ಇದನ್ನ ಹತ್ತೋರು ಯಾರು?” ಎಂದಳು.

ಸರ್ವೆಯರ್ ಕೈಯಲ್ಲಿದ್ದ ಟೇಪನ್ನು ನೋಡಿದ. ಜೀವನವಿಡೀ ಅಳೆದವನು. ಜೀಪಿನ ಕೆಳಗೆಲ್ಲ ಅಳೆದಿದ್ದ. ಪಕ್ಕದಲ್ಲಿ ನಿಲ್ಲುವವಳ ಕಾಲು ಎಲ್ಲಿಯವರೆಗೆ ಏಳುತ್ತದೆ ಎಂದು ಒಮ್ಮೆಯೂ ಅಳೆದಿರಲಿಲ್ಲ. ಮುಖ ಸಣ್ಣದಾಯಿತು. ಆದರೆ ಸಜ್ಜು ಮಾಡುವವನ ಬುದ್ಧಿ ನೋಡು, ಒಂದೇ ನಿಮಿಷದಲ್ಲಿ ಮುಖ ಮತ್ತೆ ಅರಳಿತು. “ಬಾಗಿಲು ತೆರೆದರೆ ತಾನೇ ಕೆಳಗಿಳಿಯುವ ಮೆಟ್ಟಿಲು ಬರುತ್ತೆ, ಮೋಟಾರಿನದು. ತರಿಸ್ತೀನಿ. ದಸರೆಯ ಹೊತ್ತಿಗೆ—”

ನೀಲಮ್ಮ ಒಳಗೆ ಹೋಗಿಬಿಟ್ಟಳು.

ಕೋಪ ಬಂತೇನೋ ಎಂದು ಸರ್ವೆಯರ್ ಅಲ್ಲೇ ನಿಂತ. ಒಳಗೆ ಡಬ್ಬಿ ಮುಚ್ಚುವ ಸದ್ದು ಕೇಳಿತು. ಸ್ವಲ್ಪ ಹೊತ್ತಿನಲ್ಲಿ ಅವಳು ಹೊರಬಂದಳು. ಒಂದು ಕೈಯಲ್ಲಿ ಬುತ್ತಿಯ ಗಂಟು. ಇನ್ನೊಂದು ಕೈಯಲ್ಲಿ ಬಚ್ಚಲಮನೆಯ ಮರದ ಸ್ಟೂಲು, ಅದರ ಕಾಲಿಗೆ ಹಳೆಯ ಸೀರೆಯ ಅಂಚು ಹರಿದು ಕಟ್ಟಿದ್ದಳು. ಸ್ಟೂಲನ್ನು ಬಾಗಿಲ ಕೆಳಗೆ ಇಟ್ಟು, ಅದರ ಮೇಲೆ ನಿಂತು, ಉಸಿರು ಬಿಗಿಹಿಡಿದು ಸೀಟಿಗೆ ಏರಿದಳು. ಏರಿ ಕುಳಿತ ಮೇಲೆ ಸೀರೆಯಂಚು ಹಿಡಿದು ಬಾವಿಯಿಂದ ಕೊಡ ಸೇದುವ ಹಾಗೆ ಸ್ಟೂಲನ್ನು ಮೇಲೆ ಎಳೆದುಕೊಂಡಳು.

“ಹೊರಡ್ರಿ,” ಎಂದಳು.

“ಈಗಲೇ? ದಿನ ನೋಡಬೇಡವಾ? ಇವತ್ತು…” ಎಂದು ಸರ್ವೆಯರ್ ಬಾಯಿ ತೆರೆದ.

“ದಿನ ಆಮೇಲೆ ನೋಡೋಣ. ನಾನು ಹತ್ತಿ ಆಯ್ತು. ಇಳಿ ಅಂದರೆ ಇಳಿಯೋ ಧೈರ್ಯ ನನಗಿಲ್ಲ. ಇಲ್ಲೇ ಕೂತಿರಲಾ?”

ಸರ್ವೆಯರ್ ಕೊನೆಗೆ ನಿಂಬೆಹಣ್ಣಾದರೂ ಇರಲಿ ಎಂದು ಅಡುಗೆಮನೆಗೆ ಓಡಿದ. ಸಿಕ್ಕಿದ್ದು ಒಂದೇ, ಅದೂ ಅರ್ಧ ಒಣಗಿದ್ದು. ಅದನ್ನು ಮುಂದಿನ ಎಡಚಕ್ರದ ಕೆಳಗಿಟ್ಟು ಹತ್ತಿ ಕುಳಿತು ಕೀಲಿ ತಿರುಗಿಸಿ ಜೀಪನ್ನು ಮುಂದಕ್ಕೆ ಬಿಟ್ಟ. ಕೆಳಗೆ ಚಿಟ್ಟೆಂದು ಒಂದು ಸದ್ದಾಯಿತು. ಐದು ವರ್ಷದಲ್ಲಿ ಆ ಅಂಗಳದಲ್ಲಿ ಒಡೆದ ಮೊದಲ ನಿಂಬೆಹಣ್ಣು ಅದು.

ಗುಡ್ಡದ ಬುಡದವರೆಗೂ ಡಾಂಬರು ರಸ್ತೆ. ಅವನು ಓಡಾಡುತ್ತಿದ್ದ ಕಾಲದಲ್ಲಿ ಇರಲಿಲ್ಲ. ಗೊಬ್ಬರದ ಚೀಲ ಹೇರಿದ ಗೂಡ್ಸ್ ಆಟೋ ಒಂದು ಹಾರ್ನ್ ಹೊಡೆದು ಅವರನ್ನು ದಾಟಿ ಹೋಯಿತು. ಹಳ್ಳಕ್ಕೆ ಸೇತುವೆ ಬಂದಿತ್ತು. ಕೆಸರಿರಲಿಲ್ಲ. ಕೊನೆಯ ಏರು ಮಾತ್ರ ಮೊದಲಿನ ಹಾಗೇ ಕಲ್ಲುಕಲ್ಲಾಗಿತ್ತು. ಜೀಪು ಅದನ್ನು ಗುರ್ರೆನ್ನುತ್ತ ಸಲೀಸಾಗಿ ಹತ್ತಿತು. ಸರ್ವೆಯರಿಗೆ ಹೆಮ್ಮೆಯಾಯಿತು. ಮರುಗಳಿಗೆಯಲ್ಲೇ ನೆನಪಾಯಿತು, ಎಲೆಹಸಿರು ಬಣ್ಣ ಬಳಿಯುವ ಮೊದಲು, ಫುಟ್‌ಬೋರ್ಡ್ ಇದ್ದ ಕಾಲದಲ್ಲಿ, ಇದೇ ಜೀಪು ಇದೇ ಏರನ್ನು ಎಷ್ಟೋ ಸಲ ಹತ್ತಿತ್ತು.

ಅದನ್ನು ಅವನು ನೀಲಮ್ಮನಿಗೆ ಹೇಳಲಿಲ್ಲ. ಅವಳಿಗೆ ಗೊತ್ತಿತ್ತು. ಅವನೇ ಹೇಳಿದ್ದ ಕತೆಯಲ್ಲವೇ.

ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ನೀಲಮ್ಮ ಸ್ಟೂಲನ್ನು ಕೆಳಗೆ ಬಿಟ್ಟು, ಗಂಡನ ಹೆಗಲು ಹಿಡಿದು ಇಳಿದು, ಕಲ್ಲಿನ ಹತ್ತಿರ ನಡೆದು ಹೋದಳು. ಸುತ್ತಲೂ ನೋಡಿದಳು. ಕಲ್ಲನ್ನು ಕೈಯಿಂದ ತಟ್ಟಿದಳು. “ನೀವು ಹೇಳಿದ್ದಕ್ಕಿಂತ ಸಣ್ಣದು,” ಎಂದಳು. ಮೂರು ಊರಿನ ಮೇಲೆ ಸೆರಗು ಹರಡಿ ಕುಳಿತು ಬುತ್ತಿ ಬಿಚ್ಚಿದಳು. ರೊಟ್ಟಿ, ಚಟ್ನಿಪುಡಿ, ಒಂದು ಸಣ್ಣ ಡಬ್ಬಿ. ಡಬ್ಬಿಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿ. ಮೊದಲನೆಯ ದಸರೆಯದು, ಕಪ್ಪಗೆ ಮಾಗಿ, ಸಿಪ್ಪೆ ಬೆಣ್ಣೆಯಂತಾಗಿತ್ತು. ಸರ್ವೆಯರ್ ಬೆರಳು ನೆಕ್ಕಿದ. “ಇಂಥದ್ದನ್ನ ತಿಂದೇ ಇರಲಿಲ್ಲ,” ಎಂದ.

“ಇನ್ನೂ ನಾಲ್ಕು ವರ್ಷದ್ದು ಇದೆ. ನಾಲ್ಕು ಊರು ನೋಡಬಹುದು,” ಎಂದಳು ನೀಲಮ್ಮ.

ನಾಲ್ಕಲ್ಲ, ಅನೇಕ ಊರು ನೋಡಿದರು. ಕೆರೆ ಏರಿಯ ಹಕ್ಕಿಗಳನ್ನು ನೋಡಿದರು, ಬಂಗಲೆಯ ಸಾರು ಇನ್ನೂ ತೆಳ್ಳಗಿದೆಯೇ ಎಂದು ಉಂಡು ನೋಡಿದರು. ಇತ್ತು. ನೆತ್ತಿಯ ಮೇಲಿನ ಡೇರೆಯಲ್ಲಿ ಯಾರೂ ಮಲಗಲಿಲ್ಲ. ಕ್ಯಾರಿಯರ್ ಮೇಲೆ ನೀಲಮ್ಮ ಸಂಡಿಗೆ ಒಣಹಾಕುತ್ತಿದ್ದಳು. ಒಂದು ಊರಿನಲ್ಲಿ ಹಸಿ, ಮುಂದಿನ ಊರಿನಲ್ಲಿ ಗರಿಗರಿ. ಮೋಟಾರಿನ ಮೆಟ್ಟಿಲು ಬರಲೇ ಇಲ್ಲ. ಸ್ಟೂಲು ಮಾತ್ರ ಎಲ್ಲ ಪ್ರಯಾಣಕ್ಕೂ ಹೋಯಿತು.

ಗುರುಗಳು ಕತೆ ನಿಲ್ಲಿಸಿ ನೀರು ಕುಡಿದರು.

ಸೋಮಲಿಂಗ ಜಗಲಿಯ ಮೂಲೆಯಲ್ಲಿದ್ದ ತನ್ನ ಪುಸ್ತಕಗಳ ಕಡೆ ನೋಡಿದ. ಒಂದರ ಮೇಲೊಂದು ಪೇರಿಸಿಟ್ಟದ್ದು ಅವನ ಎದೆಯ ಮಟ್ಟಕ್ಕೆ ಬಂದಿತ್ತು. ಗೋಣಿಹಾಳಿನ ಜನ ನೆನಪಾದರು. ಹೋದ ಸಲ ಕರೆಯಲು ಬಂದಿದ್ದ ಮುದುಕಿಯೊಬ್ಬಳು, ದೊಡ್ಡ ದೊಡ್ಡ ಮಾತು ಬೇಡಪ್ಪ, ನಮಗೆ ತಿಳಿಯುವಷ್ಟು ಹೇಳಿದರೆ ಆಯ್ತು ಎಂದಿದ್ದಳು. ಅವನು ಆಗ ಅದನ್ನು ವಿನಯ ಎಂದುಕೊಂಡಿದ್ದ.

“ಹೊರಡುತ್ತೇನೆ, ಗುರುಗಳೇ,” ಎಂದ ಅವನು. “ಪಂಚಾಂಗ ನೋಡಿ ಒಂದು ಒಳ್ಳೆಯ ದಿನ ಹೇಳಿ. ಅಷ್ಟು ಚೆನ್ನಾಗಿ ಪ್ರಯಾಣ ಸಾಗಿತಲ್ಲ, ಅವರಿಬ್ಬರು ಮನೆ ಬಿಟ್ಟದ್ದು ಯಾವ ದಿನ?”

ಗುರುಗಳು ಲೋಟವನ್ನು ಕೆಳಗಿಟ್ಟರು.

“ಆಷಾಢ ಬಹುಳ ಅಷ್ಟಮಿ, ಮಂಗಳವಾರ, ಮಧ್ಯಾಹ್ನ ಮೂರೂಕಾಲು, ಸರಿಯಾಗಿ ರಾಹುಕಾಲ.”