ಏಳಡಿಯ ಮೆಟ್ಟಿಲು

ನಾಗಲಿಂಗಾಚಾರ್ಯರು ನಲವತ್ತು ವರ್ಷ ಕ್ರೀಡಾಂಗಣಗಳನ್ನೇ ಕಟ್ಟಿದ ಸ್ಥಪತಿ. ಹನ್ನೊಂದನ್ನು ಹೊಸದಾಗಿ ಕಟ್ಟಿದರು, ನಾಲ್ಕನ್ನು ನವೀಕರಿಸಿದರು.

ಹನ್ನೊಂದನೆಯದರ ಪಡುವಣ ಮೆಟ್ಟಿಲಲ್ಲಿ ಒಂದು ಸಂಜೆ, ಆಟ ಮುಗಿದು ಜನ ಇಳಿಯುವಾಗ, ಹದಿನೇಳು ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು.

ಅಂದಿನಿಂದ ಆಚಾರ್ಯರು ನಕ್ಷೆ ಬರೆಯಲಿಲ್ಲ. ಕೃಷ್ಣೆಯ ದಡದಲ್ಲಿ ಗುಡಿಸಲು ಹಾಕಿಕೊಂಡು ಒಬ್ಬರೇ ಇದ್ದರು.

ಒಂಬತ್ತನೆಯ ವರ್ಷ ಅವರ ಶಿಷ್ಯ ಶಾಂತವೀರ ನಕ್ಷೆಯ ಸುರುಳಿ ಹಿಡಿದು ಬಂದ. ಆ ಸಾವುಗಳ ನಂತರ ಬೀಗ ಬಿದ್ದಿದ್ದ ಕ್ರೀಡಾಂಗಣವನ್ನು ನವೀಕರಿಸುವ ಕೆಲಸ ಅವನಿಗೆ ದೊರೆತಿತ್ತು. ಸ್ವತಂತ್ರವಾಗಿ ಅವನು ಪಡೆದ ಮೊದಲ ದೊಡ್ಡ ಕೆಲಸ ಅದು.

“ನಾಳೆ ರುಜು ಹಾಕಬೇಕು, ಗುರುಗಳೇ. ಆಶೀರ್ವಾದ ಬೇಡಲು ಬಂದೆ.”

ಆಚಾರ್ಯರು ನಕ್ಷೆಯನ್ನು ಬಿಡಿಸಿದರು. ಅವರ ಬೆರಳು ನೇರವಾಗಿ ಪಡುವಣ ಮೆಟ್ಟಿಲಿಗೆ ಹೋಯಿತು.

“ಅಗಲ ಎಷ್ಟು?”

“ಏಳಡಿ.”

“ನಾನು ಇಟ್ಟದ್ದೂ ಏಳೇ.”

ಶಾಂತವೀರ ತಲೆ ತಗ್ಗಿಸಿದ. “ಹದಿನಾಲ್ಕು ಬರೆದಿದ್ದೆ. ಏಳುನೂರು ಆಸನ ಹೋಗುತ್ತದೆಂದು ಕ್ರೀಡಾ ಮಂಡಳಿಯವರು ಒಪ್ಪಲಿಲ್ಲ. ಏಳಕ್ಕೆ ಒಪ್ಪುವ ಇನ್ನೊಬ್ಬ ಸ್ಥಪತಿ ಅವರ ಬಾಗಿಲಲ್ಲೇ ಕುಳಿತಿದ್ದಾನೆ. ನಾನು ಬಿಟ್ಟರೆ ಅವನು ಮಾಡುತ್ತಾನೆ. ನಾನಾದರೆ ಗಟ್ಟಿಯಾದ ಕಂಬಿ ಹಾಕಿಸುತ್ತೇನೆ, ಒಳ್ಳೆಯ ದೀಪ ಹಾಕಿಸುತ್ತೇನೆ.”

“ಸಾಯುವವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣಲಿ ಎಂದೋ?”

ಶಿಷ್ಯ ನಕ್ಷೆ ಸುತ್ತಲು ಹೋದ. ಆಚಾರ್ಯರು ಅದರ ಮೇಲೆ ಕೈಯಿಟ್ಟರು.

“ನೆಲದ ಮೇಲೆ ಅಳೆದು, ಒಳಗೆ ನಡೆದು ನೋಡಿದೆಯಾ?”

ಅದು ಆಚಾರ್ಯರ ಪದ್ಧತಿ. ಕಟ್ಟುವ ಮೊದಲು ಪ್ರತಿಯೊಂದು ದಾರಿಯನ್ನೂ ನಿಜವಾದ ಅಳತೆಯಲ್ಲಿ ನೆಲದ ಮೇಲೆ ಗುರುತಿಸಿ, ಅದರೊಳಗೆ ನಡೆದು ನೋಡುವುದು.

“ಈಗ ಕಂಪ್ಯೂಟರಿನಲ್ಲೇ ನಡೆದು ನೋಡುತ್ತೇವೆ, ಗುರುಗಳೇ.”

“ಅದರಲ್ಲಿ ಜನ ಇರುತ್ತಾರೆಯೇ?”

“ಇರುತ್ತಾರೆ. ಚಿತ್ರ ಚೆನ್ನಾಗಿ ಕಾಣಲೆಂದು ನಾಲ್ಕೈದು ಮಂದಿಯನ್ನು ಇಡುತ್ತೇವೆ.”

ಆಚಾರ್ಯರು ಎದ್ದು ನದಿಯತ್ತ ನಡೆದರು. ಮೀನುಗಾರರು ಬಲೆ ಒಣಹಾಕುವ ಗೂಟಗಳಿಗೆ ಎರಡು ಹಗ್ಗ ಬಿಗಿದರು. ನಡುವೆ ಸರಿಯಾಗಿ ಏಳಡಿ ಬಿಟ್ಟರು.

ಆಚೆ ದಡಕ್ಕೆ ಹೋಗಲು ಮೂವತ್ತು ಮಂದಿ ಹರಿಗೋಲಿಗಾಗಿ ಕಾದು ಕುಳಿತಿದ್ದರು. ಆಚಾರ್ಯರು ಅವರನ್ನು ಹಗ್ಗಗಳ ನಡುವೆ ನಿಲ್ಲಿಸಿದರು.

“ಏನ್ ಆಟ ಹಚ್ಚೀರಿ ಆಚಾರ್ರ, ಈ ವಯಸ್ಸಿನ್ಯಾಗ?” ಎಂದು ನಕ್ಕಳು ಗಂಟು ಹೊತ್ತಿದ್ದ ಮುದುಕಿಯೊಬ್ಬಳು.

“ಸ್ವಲ್ಪ ಹೊತ್ತು ನಿಲ್ಲು, ತಾಯಿ.”

ಶಾಂತವೀರನನ್ನು ಎಲ್ಲರಿಗಿಂತ ಮುಂದೆ, ನದಿಯತ್ತ ಮುಖ ಮಾಡಿಸಿ ನಿಲ್ಲಿಸಿದರು. ತಾವು ಹಿಂದಕ್ಕೆ ಹೋಗಿ ಕೂಗಿದರು:

“ಹರಿಗೋಲು ಬಂತು! ಇದೇ ಕೊನೆಯದಂತೆ!”

ಹಿಂದಿನವರು ನುಗ್ಗಿದರು. ಮುಂದಿನವರು ತಡೆಯಲಾರದೆ ನುಗ್ಗಿದರು. ಶಾಂತವೀರ ಮಂಡಿಯೂರಿ ಬಿದ್ದ. ಅವನ ಮೇಲೆ ಒಬ್ಬ ಬಿದ್ದ, ಅವನ ಮೇಲೆ ಇನ್ನಿಬ್ಬರು. ಯಾರದೋ ಹಿಮ್ಮಡಿ ಅವನ ಕತ್ತನ್ನು ಮರಳಿಗೆ ಒತ್ತಿತು.

ನದಿಯಲ್ಲಿ ಹರಿಗೋಲು ಕಾಣದೆ ಜನ ನಿಂತರು.

“ಎಲ್ಲೈತ್ರೀ ಹರಗೋಲ?” ಮುದುಕಿಯ ನಗು ಮಾಯವಾಗಿತ್ತು. “ದೊಡ್ಡವರಾಗಿ ಸುಳ್ಳು ಹೇಳ್ತೀರಲ್ಲ! ಆ ಹುಡುಗ ಸಾಯ್ತಿದ್ದ.”

“ಅಂದು ನನ್ನ ಮೆಟ್ಟಿಲಲ್ಲೂ ಒಂದು ಸುಳ್ಳು ಸುದ್ದಿಯೇ ಸಾಕಾಗಿತ್ತು, ತಾಯಿ. ತಪ್ಪಾಯಿತು, ಕ್ಷಮಿಸು.”

ಜನ ಬೈದುಕೊಳ್ಳುತ್ತ ಚದುರಿದರು. ಶಾಂತವೀರ ಕೆಮ್ಮಿ, ಬಾಯೊಳಗಿನ ಮರಳನ್ನು ಉಗುಳಿದ.

“ನಿನ್ನ ಮೇಲೆ ಎಷ್ಟು ಮಂದಿ ಬಿದ್ದರು?”

“ಮೂವರು.”

“ಉಸಿರು?”

“ಆಡಲಿಲ್ಲ.”

“ಇಲ್ಲಿದ್ದವರು ಮೂವತ್ತು. ನಿನ್ನ ಮೆಟ್ಟಿಲಲ್ಲಿ ಇಳಿಯುವವರು?”

“ಆರು ಸಾವಿರ.”

ಆಚಾರ್ಯರು ಹಗ್ಗ ಬಿಚ್ಚತೊಡಗಿದರು. ಶಿಷ್ಯ ಕತ್ತಿಗೆ ಮೆತ್ತಿದ್ದ ಮರಳನ್ನು ಒರೆಸಿಕೊಂಡ. ತನಗೆ ತಾನೇ ಹೇಳಿಕೊಳ್ಳುವಂತೆ ಮೆಲ್ಲಗೆ ನುಡಿದ:

“ಆದರೂ ಏಳಡಿ ನಿಯಮಕ್ಕೆ ಸರಿಯಾಗಿದೆ, ಗುರುಗಳೇ. ಮುಂದೆ ಏನೇ ಆದರೂ ಯಾವ ವಿಚಾರಣೆಯೂ ನನ್ನ ಮೇಲೆ ತಪ್ಪು ಹೊರಿಸಲಾರದು.”

“ಹೊರಿಸಲಾರದು,” ಎಂದರು ಆಚಾರ್ಯರು. “ನನ್ನ ಮೇಲೂ ಹೊರಿಸಲಿಲ್ಲ.”