ಅನ್ನ ತಾನಾಗಿ ಬರಲಿಲ್ಲ

ಬೆಣ್ಣಿಗುಡ್ಡದ ದೊರೆ ಇಮ್ಮಡಿ ಮಲ್ಲಪ್ಪ ನಾಯಕರು ಗದ್ದುಗೆಯ ಮೇಲೆ ಕೂತು ಮೀಸೆ ತಿರುವಿದರು.

"ಇಂಗ್ಲಿಷು ಅಂದರೆ ಏನು ಮಹಾ! ಸೋಮವಾರ ಬಿಳಿ ದೊರೆ ಬರುತ್ತಾನಲ್ಲ, ಯಾವ ಪದ ಕೇಳಿದರೂ ಅದು ನಾಮಪದವೋ ಕ್ರಿಯಾಪದವೋ ಅಂತ ತಟ್ಟನೆ ಹೇಳುತ್ತೇವೆ. ಹಾಗಂತ ಅವನಿಗೆ ಕಾಗದವನ್ನೂ ಬರೆಸಿದ್ದೇವೆ."

"ಹೌದು ಮಹಾಸ್ವಾಮಿ," ಎಂದಿತು ಸಭೆ.

ಬೆವರಿದವರು ಒಬ್ಬರೇ, ಇಂಗ್ಲಿಷ್ ಮೇಷ್ಟ್ರು ವೆಂಕೋಬರಾಯರು. ಹೆಸರು ಹೇಳುವುದು ನಾಮಪದ, ಕೆಲಸ ಹೇಳುವುದು ಕ್ರಿಯಾಪದ ಎಂದು ಮೂರು ತಿಂಗಳಿಂದ ಹೇಳಿ ಹೇಳಿ ಅವರ ಗಂಟಲು ಒಣಗಿತ್ತು. ದೊರೆಗೆ ಅದು ಬಾಯಿಪಾಠವಾಗಿತ್ತು. ಆದರೆ ಹುಟ್ಟಿದಂದಿನಿಂದ ಒಂದು ಕಡ್ಡಿಯನ್ನೂ ಎತ್ತಿಡದ ಮನುಷ್ಯನಿಗೆ ಕೆಲಸ ಅಂದರೆ ಯಾವುದು ಅನ್ನುವುದೇ ತಿಳಿದಿರಲಿಲ್ಲ.

"ರೈಸ್ ಅಂದರೆ ಅನ್ನ. ಅದು ಯಾವ ಪದ, ಮಹಾಸ್ವಾಮಿ?" ಎಂದು ರಾಯರು ಮೆಲ್ಲಗೆ ಕೇಳಿದರು.

"ಕ್ರಿಯಾಪದ. ನಾವು ಕೂತಲ್ಲೇ ಕೂತಿರುತ್ತೇವೆ, ಅನ್ನ ಬರುತ್ತದೆ. ಅಂದಮೇಲೆ ಕೆಲಸ ಮಾಡುವುದು ಅನ್ನವೇ ತಾನೆ?"

"ಬ್ರಿಂಗ್? ಅಂದರೆ, ತರುವುದು?"

"ಅದನ್ನು ನಾವು ಎಂದೂ ಮಾಡಿಲ್ಲ. ಮಾಡದ್ದು ಕೆಲಸ ಹೇಗಾದೀತು? ನಾಮಪದ. ಬರೆದುಕೊಳ್ಳಿ!"

ಕರಣಿಕ ಬರೆದುಕೊಂಡ. ದಿವಾನರು ತಲೆದೂಗಿದರು. ರಾಯರ ಬಾಯಿ ಮಾತ್ರ ಜಾರಿಬಿಟ್ಟಿತು.

"ತಪ್ಪು, ಮಹಾಸ್ವಾಮಿ."

ದಿವಾನರ ತಲೆ ಅರ್ಧ ತೂಗಿದಲ್ಲೇ ನಿಂತಿತು. ಆ ಸಂಸ್ಥಾನದಲ್ಲಿ ಗದ್ದುಗೆಯಿಂದ ಬಿದ್ದ ಮಾತೇ ಶಾಸನ. ಹಿಂತೆಗೆದುಕೊಳ್ಳುವುದಾದರೆ ಗದ್ದುಗೆಯೇ ಹಿಂತೆಗೆದುಕೊಳ್ಳಬೇಕು, ಬೇರೆಯವರು ತಪ್ಪೆನ್ನುವಂತಿಲ್ಲ. ಹಿಂದಿನ ದೊರೆ ಒಂದು ಬುಧವಾರವನ್ನು ಗುರುವಾರ ಎಂದದ್ದಕ್ಕೆ ಊರಿನಲ್ಲಿ ಆ ವಾರ ಎರಡು ಗುರುವಾರ ಆಚರಿಸಿದ್ದರು. ತಪ್ಪೆಂದವನಿಗೆ ಅರ್ಧ ಮೀಸೆ ಬೋಳಿಸಿ, ಕತ್ತೆಯ ಮೇಲೆ ಕೂರಿಸಿ, ಊರು ಬಿಡಿಸುವುದು ವಾಡಿಕೆ.

"ಬಿಳಿ ದೊರೆ ಅತ್ತ ಹೋಗಲಿ, ಇತ್ತ ಕತ್ತೆ ಬರಲಿ," ಎಂದು ದೊರೆ ಎದ್ದು ಹೋದರು.

ರಾಯರು ನೇರವಾಗಿ ಅರಮನೆಯ ಅಡುಗೆ, ಉಗ್ರಾಣ ನೋಡಿಕೊಳ್ಳುತ್ತಿದ್ದ ಹಂಪಣ್ಣನ ಹತ್ತಿರ ಹೋದರು. ಊರಿನಲ್ಲಿ ಯಾರಿಗೆ ಇಕ್ಕಟ್ಟು ಬಂದರೂ ಕಾಲು ಹಂಪಣ್ಣನ ಕಡೆಗೇ ಎಳೆಯುತ್ತಿತ್ತು.

"ಇಬ್ಬರು ಹೆಣ್ಣುಮಕ್ಕಳು ಮದುವೆಗಿದ್ದಾರೆ ಹಂಪಣ್ಣ. ಅರ್ಧ ಮೀಸೆ ಅಪ್ಪನ ಮನೆಗೆ ಹೆಣ್ಣು ನೋಡೋಕೆ ಯಾರು ಬರ್ತಾರೆ?" ರಾಯರ ಕಣ್ಣು ತುಂಬಿತ್ತು.

ಹಂಪಣ್ಣ ಎಲೆಗೆ ಸುಣ್ಣ ಹಚ್ಚುತ್ತಾ ಎಲ್ಲವನ್ನೂ ಕೇಳಿದ. "ದೊರೆ ಹೇಳಿದ್ದು ತಪ್ಪು ಅಂದ್ರಲ್ಲ ರಾಯರೇ, ಅಲ್ಲೇ ಎಡವಿದ್ದು. ಹೇಳಿದ ಹಾಗೇ ನಡೆದುಕೊಂಡಿದ್ರೆ ಸಾಕಿತ್ತು. ಇರಲಿ, ಆ ಕೆಲಸ ನಾನು ಮಾಡ್ತೀನಿ."

ಭಾನುವಾರ ಮಧ್ಯಾಹ್ನ ದೊರೆ ಊಟಕ್ಕೆ ಕೂತರು. ಪಂಕ್ತಿಯಲ್ಲಿ ದಿವಾನರೂ ಇದ್ದರು, ರಾಯರೂ ಇದ್ದರು. ಎಲೆ ಖಾಲಿ. ಹಂಪಣ್ಣ ಕೈಕಟ್ಟಿ ನಿಂತಿದ್ದ.

"ಊಟ ಎಲ್ಲಿ?"

"ಬರಲಿ ಅಂತ ಕಾಯುತ್ತಿದ್ದೇವೆ, ಮಹಾಸ್ವಾಮಿ."

"ಯಾರೂ ತರಲಿಲ್ಲವೆ?"

"ತರುವುದು ಕೆಲಸವಲ್ಲ ಅಂತ ಗದ್ದುಗೆಯ ಅಪ್ಪಣೆಯಾಗಿದೆ. ಕೆಲಸ ಮಾಡುವುದು ಅನ್ನವೇ ಅಂತಲೂ ಆಗಿದೆ. ಅದಕ್ಕೆ ಅಡ್ಡಿಯಾಗಬಾರದು ಅಂತ ಅಡುಗೆಮನೆಯ ಎರಡೂ ಬಾಗಿಲು ತೆಗೆಸಿದ್ದೇನೆ."

ದೊರೆ ಬಾಗಿಲ ಕಡೆ ನೋಡಿದರು. ಪಂಕ್ತಿಯೂ ನೋಡಿತು. ತುಪ್ಪ ಕಾಯಿಸಿದ ವಾಸನೆ ಬಂತು. ಅನ್ನ ಬರಲಿಲ್ಲ.

"ಹೊರಟಿರಬೇಕು," ಎಂದರು ದಿವಾನರು.

ಇನ್ನೂ ಅರ್ಧ ಗಂಟೆ ಕಳೆಯಿತು. ದೊರೆಯ ಹೊಟ್ಟೆ ತಾಳ ಹಾಕುವುದು ಪಂಕ್ತಿಯ ಕೊನೆಯವರೆಗೂ ಕೇಳಿಸಿತು. "ಹಂಪಣ್ಣ, ತರಿಸು!"

"ಗದ್ದುಗೆಯ ಮಾತನ್ನು ಊಟದ ಮಣೆ ತಿರುಗಿಸಲು ಬರುವುದಿಲ್ಲ, ಮಹಾಸ್ವಾಮಿ. ಕಟ್ಟಳೆ."

ದೊರೆ ಧಡಕ್ಕನೆ ಎದ್ದರು. ಹದಿನಾಲ್ಕು ಮೆಟ್ಟಿಲು ಹತ್ತಿ ಗದ್ದುಗೆಯ ಮೇಲೆ ಕೂತು ಕೂಗಿದರು. "ರೈಸ್ ನಾಮಪದ! ಅದು ಇದ್ದಲ್ಲೇ ಇರುತ್ತದೆ! ಬ್ರಿಂಗ್ ಕ್ರಿಯಾಪದ!"

ಅನ್ನ ಬಂತು. ಬರೀ ಅನ್ನ. ತುಪ್ಪದ ಮಾತು ಅಪ್ಪಣೆಯಲ್ಲಿ ಇರಲಿಲ್ಲ. ದೊರೆ ಮತ್ತೆ ಮೆಟ್ಟಿಲು ಹತ್ತಿದರು. "ಘೀ ನಾಮಪದ!" ಮಾವಿನಹಣ್ಣಿಗೆ ಇನ್ನೊಂದು ಸಲ. ಮೊಸರಿನ ಹೊತ್ತಿಗೆ ಅವರ ಪಂಚೆ ಬೆವರಿಗೆ ಒದ್ದೆಯಾಗಿತ್ತು, ವ್ಯಾಕರಣ ಒಂದು ಹದಕ್ಕೆ ಬಂದಿತ್ತು.

ಅಂದು ಸಂಜೆ ಹಂಪಣ್ಣ ರಾಯರಿಂದ ಒಂದೇ ಒಂದು ಇಂಗ್ಲಿಷ್ ಪದ ಕಲಿತುಕೊಂಡ.

ಸೋಮವಾರ ಬಿಳಿ ದೊರೆ ಬಂದ. "ಅಂಬ್ರೆಲಾ?" ಎಂದು ಕೇಳಿದ.

"ಯಾರಾದರೂ ತರದಿದ್ದರೆ ಬರುವುದಿಲ್ಲ. ನಾಮಪದ."

"ಈಟ್?"

"ಮಾಡದಿದ್ದರೆ ಜೀವ ಹೋಗುತ್ತದೆ. ಕ್ರಿಯಾಪದ!"

ಇಪ್ಪತ್ತು ಪದ ಕೇಳಿದ, ಇಪ್ಪತ್ತೂ ಸರಿ. ಬಿಳಿ ದೊರೆ ಬೆರಗಾಗಿ, ಕೊನೆಯದನ್ನು ಸಭೆಯವರೇ ಕೇಳಲಿ ಎಂದ. ಹೊರಗೆ ಕತ್ತೆ ಅರಚಿತು. ಬಾಗಿಲಲ್ಲಿ ಕ್ಷೌರಿಕ ಕತ್ತಿ ಮಸೆಯುತ್ತಿದ್ದ. ರಾಯರು ಮೀಸೆಯನ್ನು ಮುಟ್ಟಿ ನೋಡಿಕೊಂಡರು.

ಹಂಪಣ್ಣ ಎದ್ದು ನಿಂತ. "ಫರ್ಗಿವ್. ಅಂದರೆ, ಕ್ಷಮಿಸುವುದು."

ದೊರೆ ಗಲ್ಲ ಕೆರೆದುಕೊಂಡರು. "ಇದನ್ನು ನಾವು ಎಂದಾದರೂ ಮಾಡಿದ್ದುಂಟೆ, ಹಂಪಣ್ಣ?"

"ಪಟ್ಟಕ್ಕೆ ಬಂದಮೇಲೆ ಇಲ್ಲ, ಮಹಾಸ್ವಾಮಿ."

"ಮತ್ತೆ ಕೆಲಸವೋ ಅಲ್ಲವೋ ಅಂತ ತಿಳಿಯುವುದು ಹೇಗೆ?"

"ಒಂದು ಸಲ ಮಾಡಿ ನೋಡಿದರೆ ತಿಳಿಯುತ್ತದೆ. ಅದಕ್ಕೆ ಬೇಕಾದವರು ಇಲ್ಲೇ ಕೂತಿದ್ದಾರೆ, ಪೂರ್ತಿ ಮೀಸೆ ಸಮೇತ."

ದೊರೆ ರಾಯರನ್ನು ನೋಡಿದರು, ಹಂಪಣ್ಣನನ್ನು ನೋಡಿದರು. ನಿನ್ನೆ ಮೆಟ್ಟಿಲು ಹತ್ತಿಸಿದ್ದು ಯಾರಿಗಾಗಿ ಅಂತ ಆಗ ಹೊಳೆಯಿತು. ಕಣ್ಣು ಕೆಂಪಾಯಿತು, ಹಲ್ಲು ಕಡಿದರು, ಆಮೇಲೆ ಹೇಗೋ ನಗು ಬಂದುಬಿಟ್ಟಿತು.

"ಮೇಷ್ಟ್ರೇ, ಕ್ಷಮಿಸಿದ್ದೇವೆ!" ಎಂದು ಹಣೆಯ ಬೆವರು ಒರೆಸಿಕೊಂಡರು. "ಅಬ್ಬಾ, ಕೆಲಸವೇ ಹೌದು. ಬಹಳ ಕಷ್ಟದ ಕೆಲಸ. ಕ್ರಿಯಾಪದ!"

"ಹೌದು ಮಹಾಸ್ವಾಮಿ," ಎಂದಿತು ಸಭೆ. ಮೂರು ತಿಂಗಳಲ್ಲಿ ಮೊದಲ ಸಲ ರಾಯರೂ ಮನಸಾರೆ ಹಾಗಂದರು.

"ಕತ್ತೆಯನ್ನು ಸುಮ್ಮನೆ ವಾಪಸ್ಸು ಕಳಿಸಬೇಡ, ಹಂಪಣ್ಣ," ಎಂದರು ದೊರೆ. "ಎರಡು ಮೂಟೆ ಅಕ್ಕಿ ಹೇರಿಸಿ ಮೇಷ್ಟ್ರ ಮನೆಗೆ ಮುಟ್ಟಿಸು. ಬಾಗಿಲು ತೆಗೆದಿಟ್ಟು ಕಾಯುತ್ತಾ ಕೂತೀಯೆ, ಅದು ತಾನಾಗಿ ಹೋಗುವುದಿಲ್ಲ."